ಬೇವಿನ ಎಲೆ ಉದುರುವ ಹೊತ್ತಿಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಶಿವರಾತ್ರಿ ಮುಗಿಯಿತು, ಚಳಿ ಶಿವ ಶಿವಾ ಎಂದು ಹೊರಟುಹೋಯಿತು. ನಮ್ಮ ಕಲಬುರಗಿಯ ಓಣಿಗಳಲ್ಲಿ ಬೇವಿನ ಮರಗಳು ಎಲೆ ಉದುರಿಸುತ್ತಿವೆ. ಯುಗಾದಿಯ ಹೊತ್ತಿಗೆ ಅವೇ ಮರಗಳ ತುಂಬ ಚಿಗುರು, ಹೂವು. ನಡುವೆ ಸಿಗುವ ಈ ಒಂದು ತಿಂಗಳಲ್ಲೇ ಮನೆಯನ್ನೂ ಕೈತೋಟವನ್ನೂ ಬಿಸಿಲಿಗೆ ಅಣಿ ಮಾಡಿಕೊಳ್ಳಬೇಕು. ಏಪ್ರಿಲ್ ಬಂತೆಂದರೆ 40 ಡಿಗ್ರಿ. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಆಗ ಮಾಳಿಗೆ ಹತ್ತುವುದು ಯಾರಿಂದಾದೀತು?

ಮಾಳಿಗೆಯ ಮಾತನ್ನೇ ಮೊದಲು ಆಡುತ್ತೇನೆ, ಏಕೆಂದರೆ ಬಿಸಿಲು ಮನೆಯೊಳಗೆ ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ. ನನ್ನ ತವರುಮನೆ ದಪ್ಪ ಕಲ್ಲಿನ ಗೋಡೆಯದು, ಮೇಲೆ ಮಣ್ಣಿನ ಮಾಳಿಗೆ. ಮೇ ತಿಂಗಳ ಮಧ್ಯಾಹ್ನವೂ ನಡುಮನೆಯ ಶಹಾಬಾದ್ ಕಲ್ಲಿನ ಮೇಲೆ ಬರಿ ಚಾಪೆ ಹಾಸಿ ಮಲಗುತ್ತಿದ್ದೆವು. ಈಗ ನಾನಿರುವುದು ನಾಲ್ಕೈದು ಇಂಚಿನ ಕಾಂಕ್ರೀಟ್ ಛಾವಣಿಯ ಕೆಳಗೆ. ಅದು ಹಗಲೆಲ್ಲ ಕಾಯ್ದು ರಾತ್ರಿ ಆ ಕಾವನ್ನು ಕೆಳಗೆ ಬಿಡುತ್ತದೆ. ಒಮ್ಮೆ ರಾತ್ರಿ ಹತ್ತು ಗಂಟೆಗೆ ಸ್ಟೂಲ್ ಹತ್ತಿ ಛಾವಣಿಗೆ ಅಂಗೈ ಹಚ್ಚಿ ನೋಡಿದೆ. ಆಗಷ್ಟೇ ರೊಟ್ಟಿ ಬೇಯಿಸಿ ಇಳಿಸಿದ ಹಂಚಿನ ಪಕ್ಕ ಕೈ ಇಟ್ಟಂತಿತ್ತು. ಫ್ಯಾನು ಆ ಕಾವನ್ನೇ ತಿರುಗಿಸಿ ನಮ್ಮ ಮೇಲೆ ಹಾಕುತ್ತಿತ್ತು.

ಇದಕ್ಕೆ ನಾನು ಕಂಡುಕೊಂಡ ಅಗ್ಗದ ಉಪಾಯ ಸುಣ್ಣ. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಛಾವಣಿ ಅಷ್ಟು ಕಾಯುವುದಿಲ್ಲ. ಸುಣ್ಣದ ಹರಳನ್ನು ಹಿಂದಿನ ದಿನವೇ ನೀರಿಗೆ ಹಾಕಿಡಿ. ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಮರುದಿನ ಸೋಸಿ, ಸ್ವಲ್ಪ ಅಂಟು ಬೆರೆಸಿ, ಗುಡಿಸಿ ಸ್ವಚ್ಛ ಮಾಡಿದ ಮಾಳಿಗೆಗೆ ಹೊತ್ತೇರುವ ಮೊದಲು ಬಳಿಯಿರಿ. ಒಂದು ಸಲ ಸಾಲದು, ಒಣಗಿದ ಮೇಲೆ ಇನ್ನೊಂದು ಸಲ ಬೇಕು. ಮಾಳಿಗೆಯ ಮಳೆನೀರು ಹಿಡಿಯುವವರು ಮೊದಲ ಒಂದೆರಡು ಮಳೆಯ ನೀರನ್ನು ತೊಟ್ಟಿಗೆ ಬಿಡಬೇಡಿ.

ಇನ್ನು ಕೂಲರ್. ನಮ್ಮದು ಒಣ ಸೆಕೆ, ನೀರು ಬೇಗ ಆವಿಯಾಗುತ್ತದೆ, ಆದ್ದರಿಂದ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇಷ್ಟು ಮಾಡದು. ಆದರೆ ಎಷ್ಟೋ ಮನೆಗಳಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಕೂಲರ್ ಹಾಕುತ್ತಾರೆ. ತೇವದ ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೋಣೆ ತಣ್ಣಗಾಗದು, ಮೈ ಜಿಗಿಜಿಗಿ ಆಗುತ್ತದೆ, ಅಷ್ಟೇ. ಎದುರಿನ ಕಿಟಕಿ ತೆರೆದಿಡಿ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಹಳೆಯ ಹುಲ್ಲನ್ನು ತೆಗೆದು ಹೊಸದು ಹಾಕಿಸಿ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಉಜ್ಜಿ ತೊಳೆದು ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು.

ಕೈತೋಟಕ್ಕೆ ಬರೋಣ. ಉದುರಿದ ಬೇವಿನ ಎಲೆಯನ್ನು ಬೆಳಿಗ್ಗೆ ಗುಡಿಸಿ ಓಣಿಯ ಮೂಲೆಯಲ್ಲಿ ಬೆಂಕಿ ಹಚ್ಚುವುದನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ನಮ್ಮದು ಎರೆಮಣ್ಣು. ಒಣಗಿದರೆ ಬಾಯಿ ಬಿಡುತ್ತದೆ, ಆ ಬಿರುಕಿನಿಂದ ಒಳಗಿನ ತೇವವೂ ಹೋಗುತ್ತದೆ. ಆ ಎಲೆಯನ್ನೇ ತಂದು ದಾಸವಾಳ, ಮಲ್ಲಿಗೆ, ಕರಿಬೇವಿನ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿ. ಕಾಂಡಕ್ಕೆ ಮಾತ್ರ ತಾಗದಂತೆ ಒಂದು ಗೇಣು ಬಿಡಿ. ನಾನು ಹಾಸಿದ ಕಡೆ ಮೂರನೆಯ ದಿನ ಎಲೆ ಸರಿಸಿ ಬೆರಳು ಊರಿದರೆ ಮಣ್ಣು ಮೆತ್ತಗಿತ್ತು, ಬೆರಳಿಗೆ ಅಂಟಿತು. ಹಾಸದ ಕಡೆ ಉಗುರೂ ಇಳಿಯಲಿಲ್ಲ.

ಇನ್ನೊಂದು ಹಳೆಯ ಪದ್ಧತಿ, ಗಡಿಗೆ ಹೂಳುವುದು. ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಗಿಡದ ಪಕ್ಕ ಹೂತು, ನೀರು ತುಂಬಿ, ಮೇಲೆ ಮುಚ್ಚಳ ಇಡಿ. ಮಣ್ಣು ಒಣಗಿದಂತೆಲ್ಲ ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ, ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಎರಡು ದಿನ ಊರಿಗೆ ಹೋದರೂ ಚಿಂತೆಯಿಲ್ಲ.

ಕುಂಡದ ಗಿಡಗಳನ್ನು ಮಾಳಿಗೆಯ ನೆಲದ ಮೇಲೆ ನೇರವಾಗಿ ಇಡಬೇಡಿ. ಹೋದ ವರ್ಷ ನಾನು ಹಾಗೇ ಬಿಟ್ಟು ಆರು ಗುಲಾಬಿ ಕಳೆದುಕೊಂಡೆ. ನೀರಿನ ಕೊರತೆ ಇರಲಿಲ್ಲ. ಕಾದ ಸಿಮೆಂಟಿನ ಮೇಲೆ ಬೇರೇ ಬೆಂದುಹೋಗಿತ್ತು. ಈ ವರ್ಷ ಎಲ್ಲವನ್ನೂ ಇಟ್ಟಿಗೆಯ ಮೇಲೆ ಎತ್ತಿ, ಒತ್ತೊತ್ತಾಗಿ ಜೋಡಿಸಿ, ಮೇಲೆ ಹಸಿರು ಪರದೆ ಕಟ್ಟಿದ್ದೇನೆ. ಇನ್ನು ಮಳೆಗಾಲದವರೆಗೆ ಗೊಬ್ಬರ ಹೆಚ್ಚು ಹಾಕಬೇಡಿ, ಗಿಡ ಕಿತ್ತು ನೆಡಬೇಡಿ. ನೀರು ಬೆಳಗಿನ ಜಾವ, ಇಲ್ಲವೇ ಹೊತ್ತು ಮುಳುಗಿದ ಮೇಲೆ.

ಯುಗಾದಿಗೆ ಮುಂಚೆ ಸಂತೆಯಿಂದ ಎರಡು ಹರವಿ, ಅಂದರೆ ಕುಡಿಯುವ ನೀರಿನ ಮಣ್ಣಿನ ಕೊಡ, ತನ್ನಿ. ಒಂದು ದಿನ ನೀರಲ್ಲಿ ನೆನೆಸಿ, ಒದ್ದೆ ಉಸುಕಿನ ಮೇಲೆ, ಗಾಳಿ ಆಡುವ ಕಡೆ ಇಡಿ. ಒಂದು ಅಡುಗೆಮನೆಗೆ. ಇನ್ನೊಂದನ್ನು ಗೇಟಿನ ಪಕ್ಕದ ನೆರಳಲ್ಲಿ, ಮುಚ್ಚಳದ ಮೇಲೊಂದು ಲೋಟ ಬೋರಲಿಟ್ಟು. ಹಾಲಿನವರು, ಕಸದ ಗಾಡಿಯವರು, ಶಾಲೆ ಬಿಟ್ಟ ಮಕ್ಕಳು ನಮ್ಮ ಓಣಿಯಲ್ಲಿ ಅಲ್ಲೇ ನಿಂತು ಕುಡಿದು ಹೋಗುತ್ತಾರೆ.

ನಮಸ್ಕಾರ.