ಜಾಬ್ ಶೀಟಿನ ಖಾಲಿ ಕಾಲಂ

ನಮಸ್ಕಾರ. ಇವತ್ತು ಒಂದು ಹಸಿರು ಗೆರೆಯ ಬಗ್ಗೆ ಮಾತನಾಡಬೇಕು. ಮೊಬೈಲ್ ಪರದೆಯ ನೆತ್ತಿಯಿಂದ ಬುಡದವರೆಗೆ ದಾರ ಹಿಡಿದು ಎಳೆದಂತೆ ನೆಟ್ಟಗೆ ನಿಂತ ಗೆರೆ. ರಾತ್ರಿ ಚಾರ್ಜಿಗೆ ಹಾಕಿ ಮಲಗುವಾಗ ಇರಲಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಇತ್ತು.

ಫೋನು ನಮ್ಮ ಚಿಗವ್ವನದು. ಚಿಗವ್ವ ಇಳಕಲ್ಲಿನಲ್ಲಿ ಸೀರೆ ನೇಯುತ್ತಾಳೆ. ಮೊದಲೆಲ್ಲ ಸಾಹುಕಾರರಿಗೆ ನೇಯ್ದು ಕೂಲಿ ತರುತ್ತಿದ್ದಳು. ನಾಲ್ಕು ವರ್ಷದಿಂದ, ಮಗ್ಗದಿಂದ ಇಳಿಸಿದ ಸೀರೆಯನ್ನು ಅಂಗಳದ ಬೆಳಕಿನಲ್ಲಿ ಹಾಸಿ, ಫೋಟೊ ತೆಗೆದು, ಹುಬ್ಬಳ್ಳಿ, ಸೊಲ್ಲಾಪುರ, ಬೆಂಗಳೂರಿನ ಗಿರಾಕಿಗಳಿಗೆ ತಾನೇ ಕಳುಹಿಸುತ್ತಾಳೆ. ಬಣ್ಣ ಇದ್ದದ್ದು ಇದ್ದಂತೆ ಕಾಣಬೇಕು ಎಂದೇ ದೀಪಾವಳಿಗೆ 21,500 ರೂಪಾಯಿ ಕೊಟ್ಟು ಅಮೋಲೆಡ್ ಪರದೆಯ ಫೋನು ಕೊಂಡಿದ್ದಳು. ಏಳು ತಿಂಗಳಿಗೆ ಗೆರೆ ಬಂತು. ವಾರಂಟಿ ಒಂದು ವರ್ಷದ್ದು.

ನಾನು ಅವಳಿಗೆ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸು ಎಂದೆ. ಬಂದ ಚಿತ್ರದಲ್ಲಿ ಗೆರೆಯೇ ಇಲ್ಲ. ಅಂದರೆ ಫೋನಿನ ಒಳಗೆ ಚಿತ್ರ ಸರಿಯಾಗಿಯೇ ಮೂಡುತ್ತಿದೆ, ಅದನ್ನು ತೋರಿಸುವ ಪರದೆ ಕೆಟ್ಟಿದೆ. ನಿಮಗೂ ಹೀಗಾದರೆ ಮೊದಲು ಇದನ್ನು ನೋಡಿಕೊಳ್ಳಿ. ಆಮೇಲೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯಿರಿ, ನಾಲ್ಕೂ ಮೂಲೆಗಳದ್ದು, ಬೆನ್ನಿನದ್ದು ಕೂಡ. ಈ ಫೋಟೊಗಳು ಏಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ.

ಆ ಭಾನುವಾರ ಊರಿಗೆ ಹೋದೆ. ಚಿಗವ್ವ ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗೆರೆಯ ಮೇಲೆ ಉಗುರಾಡಿಸಿ, "ತಮ್ಮಾ, ಇದು ಬಿದ್ದು ಒಡೆದದ್ದಲ್ಲ. ಹಾಸಿನ ಎಳೆ ಹೋಗಿದೆ" ಎಂದಳು. ಬಟ್ಟೆಗೆ ಮುಳ್ಳು ತಾಗಿದರೆ ತಾಗಿದ ಜಾಗದಿಂದ ಸೊಟ್ಟಪಟ್ಟ ಹರಿಯುತ್ತದೆ, ಉದ್ದಕ್ಕೆ ಹಾಯುವ ಹಾಸಿನ ಎಳೆ ಕಡಿದರೆ ಬಟ್ಟೆಯುದ್ದಕ್ಕೂ ನೇರ ಗೀಟು ಬೀಳುತ್ತದೆ. ಮೂವತ್ತು ವರ್ಷ ಮಗ್ಗದ ಮುಂದೆ ಕೂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅವಳ ಮಾತು ಹಿಡಿದು ನಾನು ಓದಿ ನೋಡಿದೆ. ಪರದೆ ನಿಜವಾಗಿಯೂ ಹಾಗೆಯೇ ಇರುತ್ತದೆ. ಈ ದರ್ಜೆಯ ಫೋನುಗಳಲ್ಲಿ ಸಾಮಾನ್ಯವಾಗಿ ಅಗಲಕ್ಕೆ 1080, ಉದ್ದಕ್ಕೆ 2400 ಚುಕ್ಕೆಗಳು. ಅಮೋಲೆಡ್‌ನಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಹಿಂದೆ ಬೇರೆ ದೀಪವಿಲ್ಲ. ಮೇಲಿನಿಂದ ಕೆಳಕ್ಕೆ ಉದ್ದಕ್ಕೂ ಹಾಯುವ ಸಣ್ಣ ಸಣ್ಣ ತಂತಿಗಳು ಯಾವ ಚುಕ್ಕೆ ಎಷ್ಟು ಬೆಳಗಬೇಕು ಎಂಬುದನ್ನು ಹೊತ್ತು ತರುತ್ತವೆ. ಅಡ್ಡ ಸಾಲುಗಳು ಒಂದಾದ ಮೇಲೆ ಒಂದರಂತೆ ಸರದಿಯಲ್ಲಿ ತೆರೆದುಕೊಳ್ಳುತ್ತವೆ, ಲಾಳಿ ಹಾಯ್ದಂತೆ. ಉದ್ದದ್ದು ಹಾಸು, ಅಡ್ಡದ್ದು ಹೊಕ್ಕು. ಉದ್ದದ ತಂತಿಗಳೆಲ್ಲ ಪರದೆಯ ಬುಡದಲ್ಲಿ ಒಂದು ತೆಳುವಾದ ಬಾಗುವ ಪಟ್ಟಿಯ ಮೂಲಕ, ಅವುಗಳನ್ನು ನಡೆಸುವ ಚಿಪ್‌ಗೆ ಕೂಡಿಕೊಳ್ಳುತ್ತವೆ. ಆ ಬೆಸುಗೆ ಎಲ್ಲಾದರೂ ಸಡಿಲವಾದರೆ ಆ ಒಂದು ತಂತಿಯ ಚುಕ್ಕೆಗಳೆಲ್ಲ ಹಿಡಿತ ತಪ್ಪಿ, ಒಂದೇ ಬಣ್ಣದಲ್ಲಿ ಉರಿಯುತ್ತ ನಿಲ್ಲುತ್ತವೆ.

ಸೋಮವಾರ ಇಬ್ಬರೂ ಹುನಗುಂದ, ಅಮೀನಗಡದ ಮೇಲೆ ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆವು. ನವನಗರದಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇದೆ. ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಒಂದೇ ಅಂಗಡಿಯ ಕಥೆಯಲ್ಲ. ಟೋಕನ್ ತೆಗೆದುಕೊಂಡೆವು, ಬಿಲ್ಲು ತೋರಿಸಿದೆವು. ಕೌಂಟರಿನ ಹುಡುಗ ಫೋನು ತೆಗೆದುಕೊಂಡು, ರಿಪೇರಿಗೆ ಪಡೆದ ಫೋನಿನ ವಿವರ ಬರೆಯುವ ಜಾಬ್ ಶೀಟಿಗೆ ಸಹಿ ಹಾಕಿಸಿಕೊಂಡ. ಫೋನು ಗಾಜಿನ ಬಾಗಿಲಿನ ಆಚೆಗೆ ಹೋಯಿತು. ನಲವತ್ತು ನಿಮಿಷದ ಮೇಲೆ ಹೊರಗೆ ಬಂದದ್ದು ಎರಡೇ ಪದ: ಫಿಸಿಕಲ್ ಡ್ಯಾಮೇಜ್. ಕೆಳಗಿನ ಬಲಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ತಗ್ಗು ಇದೆಯಂತೆ, ಆದ್ದರಿಂದ ವಾರಂಟಿ ಸಿಗದು, ಹೊಸ ಪರದೆಗೆ 9,400 ರೂಪಾಯಿ.

ಆ ತಗ್ಗು ಮೊದಲೇ ಇತ್ತೋ, ಒಳಗೆ ಬಿಚ್ಚುವಾಗ ಆಯಿತೋ? ನಾನು ತೆಗೆದ ಫೋಟೊದಲ್ಲಿ ಇತ್ತು. ಸುಳ್ಳು ಹೇಳುವುದಿಲ್ಲ. ಆದರೆ ಅಂಥ ತಗ್ಗಿಗೂ, ಮೇಲಿಂದ ಕೆಳಗೆ ಹೋದ ಗೆರೆಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರವಿಲ್ಲ. ಗಾಜಿನಲ್ಲಿ ಬಿರುಕಿಲ್ಲ, ಗೆರೆ ಮೂಲೆಯಿಂದ ಮೂರು ಬೆರಳು ದೂರದಲ್ಲಿದೆ. ಜೋರಾಗಿ ಪೆಟ್ಟು ಬಿದ್ದಾಗಲೂ ಒಳಗಿನ ಬೆಸುಗೆ ಸಡಿಲವಾಗಬಹುದು, ಅದನ್ನು ಒಪ್ಪುತ್ತೇನೆ. ಹಾಗಾಗಿದ್ದರೆ ತೋರಿಸಲಿ. ಪರೀಕ್ಷೆ ಮಾಡಿದವರು ಅವರು, ಫೋನು ಬಿಚ್ಚಿದವರು ಅವರು, ಬಾಗಿಲು ಹಾಕಿಕೊಂಡವರೂ ಅವರೇ. ಸಾಬೀತು ಮಾಡುವ ಹೊಣೆ ಮಾತ್ರ ಹೊರಗೆ ಕೂತವಳ ತಲೆಗೆ ಬರುವುದು ನ್ಯಾಯವೇ?

ಆಗ ಚಿಗವ್ವ ಜಾಬ್ ಶೀಟನ್ನು ನನ್ನ ಕೈಗೆ ಕೊಟ್ಟು, "ಇಲ್ಲಿ ಏನು ಬರೆದಿದ್ದಾರೆ ಓದು" ಎಂದಳು. ಮಾದರಿ ಇತ್ತು, ಫೋನಿನ ಗುರುತಿನ ಐಎಂಇಐ ಸಂಖ್ಯೆ ಇತ್ತು, ದೂರು ಏನೆಂಬ ಕಡೆ "ಡಿಸ್‌ಪ್ಲೇ ಲೈನ್" ಎಂದಿತ್ತು. ಅದರ ಕೆಳಗೆ ಸಾಧನದ ಹೊರಗಿನ ಸ್ಥಿತಿ ಎಂಬ ಕಾಲಂ ಇತ್ತು. ಖಾಲಿ. ಕೆಳಗೆ ಚಿಗವ್ವನ ಸಹಿ.

ನಾನು ಈ ಹೊತ್ತು ಮಾತನಾಡಲು ಕೂತದ್ದೇ ಆ ಕಾಲಂಗಾಗಿ. ಫೋನು ಪಡೆಯುವಾಗ ಅದನ್ನು ಗಿರಾಕಿಯ ಎದುರಿಗೇ ತುಂಬಲೇಬೇಕು. ಗೀರು ಎಲ್ಲಿದೆ, ತಗ್ಗು ಎಲ್ಲಿದೆ, ನೀರು ತಾಗಿದರೆ ಕೆಂಪಾಗುವ ಚೀಟಿ ಬಿಳಿಯಾಗಿಯೇ ಇದೆಯೋ ಇಲ್ಲವೋ, ಎಲ್ಲವನ್ನೂ ಬರೆದು, ಓದಿ ಹೇಳಿ, ಆಮೇಲೆ ಸಹಿ. ಎರಡು ನಿಮಿಷದ ಕೆಲಸ. ಖಾಲಿ ಬಿಟ್ಟ ಕಾಲಂ ಆಮೇಲೆ ಏನು ಬೇಕಾದರೂ ತುಂಬಿಕೊಳ್ಳಬಹುದಾದ ಜಾಗ. ವಾರಂಟಿ ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ, ಫೋಟೊ ಸಮೇತ ಕೊಡಬೇಕು. ಬಾಯಿಮಾತಿಗೆ ನಮ್ಮ ಜನ ತಲೆ ಅಲ್ಲಾಡಿಸಿ ಬಂದುಬಿಡುತ್ತಾರೆ. ಮಾತಿಗೆ ಮಾತು ಬೆಳೆಸುವುದು ಮರ್ಯಾದೆಯಲ್ಲ ಎಂದು ಸುಮ್ಮನಾಗುತ್ತಾರೆ, ನನ್ನ ಅಪ್ಪನೂ ಹಾಗೆಯೇ ಬರುತ್ತಿದ್ದ.

ಇನ್ನೊಂದು ಮಾತು ನನಗೆ ಬಹಳ ನೋವು ಕೊಟ್ಟಿತು. ಸೀರೆಯ ಫೋಟೊಗಳನ್ನು ನೋಡಿದ ಮ್ಯಾನೇಜರ್, "ಇದು ವ್ಯಾಪಾರಕ್ಕೆ ಬಳಸುವ ಫೋನು, ಗ್ರಾಹಕರ ಕಾನೂನು ನಿಮಗೆ ಅನ್ವಯಿಸುವುದಿಲ್ಲ" ಎಂದ. ತಪ್ಪು. ಗ್ರಾಹಕ ರಕ್ಷಣಾ ಕಾಯ್ದೆ 2019, 2020ರ ಜುಲೈ 20ರಿಂದ ಜಾರಿಯಲ್ಲಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಅದು ಗ್ರಾಹಕರೆಂದು ಪರಿಗಣಿಸುವುದಿಲ್ಲ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು ಅದೇ ಕಾಯ್ದೆ ಬಿಡಿಸಿ ಹೇಳಿದೆ. ನೇಕಾರರು, ಟೇಲರ್‌ಗಳು, ಆಟೊ ಓಡಿಸುವವರು ಈ ಸಾಲನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನಾವು ಹಣ ಕಟ್ಟಲಿಲ್ಲ. ಫೋನು ವಾಪಸು ಪಡೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು, ಕಂಪನಿಗೂ ಇಮೇಲ್ ಕಳುಹಿಸಿದೆವು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೆಂದು ನಿರ್ಧರಿಸಿದ್ದೆವು. ಕಂಪನಿ ಎಲ್ಲಿಯದೇ ಇರಲಿ, ದೂರು ಕೊಡುವವರು ವಾಸಿಸುವ ಜಿಲ್ಲೆಯಲ್ಲೇ ಪ್ರಕರಣ ದಾಖಲಿಸಲು 2019ರ ಕಾಯ್ದೆಯಲ್ಲಿ ಅವಕಾಶವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಕೊಡಬೇಕು. ದೋಷ ಯಾವುದೆಂದು ಕಣ್ಣಿಗೆ ಗೊತ್ತಾಗದಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಗಾಜಿನ ಬಾಗಿಲಿನ ಆಚೆಗಿನ ತೀರ್ಪೇ ಕೊನೆಯ ತೀರ್ಪಲ್ಲ.

ಈ ಹಸಿರು ಗೆರೆ ಕಂಪನಿಗಳಿಗೆ ಗೊತ್ತಿಲ್ಲದ ರೋಗವೇನೂ ಅಲ್ಲ. ಒನ್‌ಪ್ಲಸ್ ಕಂಪನಿ 2023ರಲ್ಲಿ ಇದೇ ತೊಂದರೆಗೆ ಸಿಕ್ಕ ಫೋನುಗಳ ಪರದೆಗೆ ಭಾರತದಲ್ಲಿ ಜೀವಿತಾವಧಿಯ ವಾರಂಟಿ ಘೋಷಿಸಿತು. ಚಿಗವ್ವನದು ಬೇರೆ ಕಂಪನಿಯದು. ಒಬ್ಬರು ಒಪ್ಪಿಕೊಂಡದ್ದನ್ನು ಉಳಿದವರು ಸಾಸಿವೆ ಕಾಳಿನ ಹಿಂದೆ ಬಚ್ಚಿಡುವುದು ಏಕೆ? ಬಿಸಿಲಿನ ನೆಪವನ್ನೂ ಹೇಳುವಂತಿಲ್ಲ. ಅನೇಕ ಫೋನುಗಳ ಕೈಪಿಡಿಯಲ್ಲಿ 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಿ ಎಂದು ಬರೆದಿರುತ್ತದೆ. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಬಿಸಿಲು ನಿಮಗೆ ಗೊತ್ತು, 40 ದಾಟುತ್ತದೆ. ಇಲ್ಲಿ ಅಂಗಡಿ ತೆರೆದು ಮಾರುವವರು ಇಲ್ಲಿಯ ಬಿಸಿಲಿಗೆ ತಾಳುವ ವಸ್ತುವನ್ನೇ ಮಾರಬೇಕು.

ಹನ್ನೊಂದನೆಯ ದಿನ ಕಂಪನಿಯಿಂದ ಕರೆ ಬಂತು: ಪರದೆಯನ್ನು ವಾರಂಟಿಯಲ್ಲೇ ಬದಲಿಸಿಕೊಡುತ್ತೇವೆ, ತನ್ನಿ. ಮತ್ತೆ ಬಾಗಲಕೋಟೆ, ಮತ್ತೆ ಅದೇ ಕೌಂಟರ್, ಅದೇ ಹುಡುಗ. ಈ ಸಲ ಚಿಗವ್ವ ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. "ಮೊದಲು ಬರಿ, ತಮ್ಮಾ" ಎಂದಳು. ಅವನು ಬರೆದ: ಕೆಳಗಿನ ಬಲಮೂಲೆಯಲ್ಲಿ ಸಣ್ಣ ತಗ್ಗು, ಬೇರೆ ಗೀರು ಇಲ್ಲ, ಗಾಜು ಒಡೆದಿಲ್ಲ. ಓದಿಸಿಕೊಂಡಳು, ಸಹಿ ಹಾಕಿದಳು, ಆಮೇಲೆ ಫೋನು ಕೊಟ್ಟಳು.

ಎರಡು ದಿನ ಬಿಟ್ಟು ಹೊಸ ಪರದೆ ಹಾಕಿಸಿಕೊಂಡು ಬಂದೆವು. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ ಟಿಕೆಟಿನ ಖರ್ಚಿರಲಿಲ್ಲ. ಆದರೆ ಆ ಮೂರು ಓಡಾಟದ ಮೂರು ದಿನ ಮಗ್ಗ ನಿಂತಿತ್ತು, ಅರ್ಧ ನೇಯ್ದ ದಾಳಿಂಬೆ ಕೆಂಪಿನ ಸೀರೆ ಅದರ ಮೇಲೆ ಹಾಗೆಯೇ ಇತ್ತು. ಆ ದಿನಗಳ ಕೂಲಿಯನ್ನು ಬರೆಯಲು ಜಾಬ್ ಶೀಟಿನಲ್ಲಿ ಯಾವ ಕಾಲಂ ಕೂಡ ಇಲ್ಲ.