ಜಿಡ್ಡು ಹಿಡಿದ ಸ್ಪ್ಯಾನರ್, ಹೊಳೆಯುವ ಸ್ಪ್ಯಾನರ್

ಎಲ್ಲರಿಗೂ ನಮಸ್ಕಾರ. ನಾಳೆ ಆಯುಧಪೂಜೆ. ಗ್ಯಾರೇಜ್ ಶಟರ್ ಅರ್ಧ ಇಳಿಸಿದ್ದೇವೆ, ಮಧ್ಯಾಹ್ನದ ಮೇಲೆ ಗಾಡಿ ತಗೊಳ್ಳುತ್ತಿಲ್ಲ. ಗೋಣಿಚೀಲದ ಮೇಲೆ ಹರಡಿರುವುದೆಲ್ಲ ನನ್ನ ಟೂಲ್ಸ್. ಆ ಪೇಂಟ್ ಡಬ್ಬದಲ್ಲಿರುವುದು ಡೀಸೆಲ್. ಒಂದೊಂದನ್ನೇ ಅದ್ದಿ, ಬನಿಯನ್ ವೇಸ್ಟಿನಲ್ಲಿ ಒರೆಸಿ ಇಡಬೇಕು. ನಾಳೆ ಬೆಳಗ್ಗೆ ವಿಭೂತಿ, ಕುಂಕುಮ, ಚೆಂಡು ಹೂವು.

ಒರೆಸುತ್ತಾ ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಕೆಲವನ್ನು ಎಷ್ಟು ಉಜ್ಜಿದರೂ ಕಪ್ಪು ಬಿಡುತ್ತಿಲ್ಲ. ಇನ್ನು ಕೆಲವಕ್ಕೆ ಒರೆಸುವ ಕೆಲಸವೇ ಇಲ್ಲ, ಅಂಗಡಿಯಿಂದ ತಂದ ದಿನ ಹೇಗಿದ್ದವೋ ಹಾಗೇ ಇವೆ. "ಗ್ಯಾರೇಜ್ ಕೆಲಸಕ್ಕೆ ಸೇರುತ್ತಿದ್ದೇನೆ ಅಣ್ಣಾ, ಮೊದಲು ಏನೇನು ತಗೊಳ್ಳಲಿ?" ಅಂತ ತುಂಬಾ ಜನ ಕೇಳುತ್ತೀರಿ. ಉತ್ತರ ಈ ಗೋಣಿಚೀಲದ ಮೇಲೇ ಇದೆ.

ಈ ಸೆಟ್ ನೋಡಿ. ಎರಡೂ ಕಡೆ ಬಾಯಿ ಇರುವ ಓಪನ್ ಸ್ಪ್ಯಾನರ್, ಎಂಟು ಪೀಸ್. 6-7 ಎಂಎಂನಿಂದ 20-22ರವರೆಗೆ ಒಟ್ಟು ಹದಿನಾರು ಬಾಯಿ. ಅದರಲ್ಲಿ ಜಿಡ್ಡು ಹಿಡಿದಿರುವುದು 8, 10, 12, 13, 14, 17, 19. ಏಳೇ ಏಳು. ಈ 15, 18 ಎರಡೂ ಒಂದೂವರೆ ವರ್ಷದಲ್ಲಿ ಕೆಲಸ ಮಾಡಿದ್ದು ನನಗೆ ನೆನಪಿಲ್ಲ. ಜಿಡ್ಡು ಹಿಡಿದಿದ್ದರೂ 10 ಮಾತ್ರ ಉಳಿದವಕ್ಕಿಂತ ಹೊಸದಾಗಿ ಕಾಣುತ್ತಿದೆ ಅಲ್ವಾ? ಅದು ಮೂರನೆಯದು. ಮೊದಲಿನ ಎರಡು ಯಾವ ಇಂಜಿನ್ ಸಂದಿಯಲ್ಲಿ ಬಿದ್ದು ಊರು ತಿರುಗುತ್ತಿವೆಯೋ ಗೊತ್ತಿಲ್ಲ.

12, 13 ಎರಡೂ ಯಾಕೆ ಬೇಕು ಅನ್ನುವುದನ್ನು ನಾನು ಕಲಿತದ್ದು ಬೈಸಿಕೊಂಡು. ಐಟಿಐಯಲ್ಲಿ ಎಂಎಂವಿ (ಮೆಕ್ಯಾನಿಕ್ ಮೋಟಾರ್ ವೆಹಿಕಲ್) ಟ್ರೇಡ್ ಎರಡು ವರ್ಷ ಓದಿ ಬಂದವನು ನಾನು. ತುಮಕೂರಿನ ಈ ಗ್ಯಾರೇಜಿಗೆ ಸೇರಿದ ಮೊದಲ ತಿಂಗಳು ಪೂರ್ತಿ ಬಂದದ್ದು ಮಾರುತಿ ಗಾಡಿಗಳೇ. ಕೈ 10, 12, 14ಕ್ಕೆ ಒಗ್ಗಿಹೋಗಿತ್ತು. ಆಮೇಲೆ ಒಂದು ದಿನ ಟಾಟಾ ಏಸ್ ಬಂತು. 12 ಹಾಕಿದೆ, ಕೂರಲಿಲ್ಲ. 14 ಹಾಕಿದೆ, ಕೂತಿತು, ಸ್ವಲ್ಪ ಲೂಸ್. ಪರವಾಗಿಲ್ಲ ಅಂತ ಎಳೆದೆ. ಸ್ಪ್ಯಾನರ್ ಜಾರಿ, ಬೋಲ್ಟ್ ತಲೆಯ ಮೂಲೆಗಳೆಲ್ಲ ಸವೆದು ಗೋಲಿ ಆಯಿತು. ಮೇಸ್ತ್ರಿ ಬಂದು ನೋಡಿ, "ಲೋ, ಎಲ್ಲ ಗಾಡಿನೂ ಒಂದೇ ಊರಿನದ್ದು ಅನ್ಕೊಂಡ್ಯಾ?" ಅಂದರು. ಅದನ್ನು ಬಿಚ್ಚೋಕೆ ಗ್ರಿಪ್ ಪ್ಲೇಯರ್, ಉಳಿ, ಸುತ್ತಿಗೆ, ಮುಕ್ಕಾಲು ಗಂಟೆ ಹಿಡಿಯಿತು.

ವಿಷಯ ಇಷ್ಟೇ. ಬೋಲ್ಟಿನ ಮೈ 8 ಎಂಎಂ ದಪ್ಪ ಇದ್ದರೂ ತಲೆ ಎಲ್ಲ ಕಡೆ ಒಂದೇ ಅಳತೆ ಇರುವುದಿಲ್ಲ. ಸುಜುಕಿ, ಟೊಯೊಟಾ ಥರ ಜಪಾನ್ ಮೂಲದ ಗಾಡಿಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 12ರ ಸ್ಪ್ಯಾನರ್. ಟಾಟಾದಲ್ಲಿ, ಯುರೋಪಿನ ಗಾಡಿಗಳಲ್ಲಿ 13. ಹಾಗೇ 10 ಎಂಎಂ ಬೋಲ್ಟಿಗೆ ಜಪಾನಿನವರದ್ದು 14, ಹಳೇ ಯುರೋಪ್ ಅಳತೆಯಲ್ಲಿ 17. 6 ಎಂಎಂ ಬೋಲ್ಟಿಗೆ ಮಾತ್ರ ಎರಡೂ ಕಡೆಯವರಿಗೆ 10 ಒಪ್ಪಿಗೆ. ಬ್ಯಾಟರಿ ಟರ್ಮಿನಲ್‌ನಿಂದ ಹಿಡಿದು ಏರ್ ಫಿಲ್ಟರ್ ಡಬ್ಬದವರೆಗೆ ಎಲ್ಲಿ ನೋಡಿದರೂ ಅದೇ. ಎರಡು ಸಲ ಕಳೆದದ್ದಕ್ಕೆ ನನ್ನ ಕಡೆಯಿಂದ ಇದೇ ಸಮಜಾಯಿಷಿ.

ಇನ್ನೊಂದು ತಪ್ಪು ತೋರಿಸುತ್ತೇನೆ. ಈ ಪ್ಲಾಸ್ಟಿಕ್ ಪೆಟ್ಟಿಗೆ. 46 ಪೀಸ್ ಸಾಕೆಟ್ ಸೆಟ್. ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಇರುತ್ತದೆ. ಕೆಲಸಕ್ಕೆ ಸೇರುವ ಮೊದಲೇ ಖುಷಿಯಲ್ಲಿ ತರಿಸಿಕೊಂಡಿದ್ದೆ. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಒಂದು ಬೋಲ್ಟಿಗೆ 14 ಸಾಕೆಟ್ ಹಾಕಿ ಎರಡೂ ಕೈಯಲ್ಲಿ ಎಳೆದೆ. ಟಕ್ ಅಂತ ರ‍್ಯಾಚೆಟ್ (ಸಾಕೆಟ್ ತಿರುಗಿಸುವ ಹಿಡಿ) ಒಳಗಿನ ಹಲ್ಲು ಹಾರಿತು, ನನ್ನ ಮುಷ್ಟಿ ಹೋಗಿ ಬ್ರಾಕೆಟ್ಟಿಗೆ ಬಡಿಯಿತು. ಈ ಬೆರಳ ಗಂಟಿನ ಮೇಲಿರುವ ಗೀರು ಅದೇ. ತಪ್ಪು ಪೆಟ್ಟಿಗೆಯದಲ್ಲ. ಅದು ಕಾಲು ಇಂಚಿನ ಡ್ರೈವ್, ಅಂದರೆ ಸಾಕೆಟ್ ಕೂರುವ ಚೌಕದ ಅಳತೆ ಕಾಲು ಇಂಚು. ಡ್ಯಾಶ್‌ಬೋರ್ಡ್, ಸಣ್ಣ ಕ್ಲಾಂಪ್, ಬೈಕ್ ಕವರ್, ಇಂಥದ್ದಕ್ಕೆ ಸರಿ. ಚಕ್ರ, ಸಸ್ಪೆನ್ಷನ್, ಇಂಜಿನ್ ಮೌಂಟಿಂಗ್ ಅಂದರೆ ಅರ್ಧ ಇಂಚು ಬೇಕು. ಒಂದೇ ಸೆಟ್ ತಗೊಳ್ಳುವಷ್ಟು ದುಡ್ಡಿದ್ದರೆ ಅರ್ಧ ಇಂಚಿನದ್ದೇ ತಗೊಳ್ಳಿ, ಜೊತೆಗೊಂದು ಉದ್ದ ಎಕ್ಸ್‌ಟೆನ್ಷನ್. ಸಾಕೆಟ್ ಒಳಗೆ ಆರು ಮೂಲೆ ಇದ್ದರೆ ಒಳ್ಳೆಯದು. ತುಕ್ಕು ಹಿಡಿದ ಬೋಲ್ಟಿನ ಮೇಲೆ ಹನ್ನೆರಡು ಮೂಲೆಯದ್ದು ಬೇಗ ಜಾರುತ್ತದೆ.

ನಾನು ಸ್ಪ್ಯಾನರ್, ಸಾಕೆಟ್ ತಂದದ್ದು ಬೆಂಗಳೂರಿನಿಂದ. ಸ್ಪೇರ್ ಪಾರ್ಟ್ಸ್ ಆದರೆ ಜೆ.ಸಿ. ರೋಡ್, ಟೂಲ್ಸ್ ಆದರೆ ಪಕ್ಕದ ಎಸ್.ಪಿ. ರೋಡ್. ಬ್ರ್ಯಾಂಡ್ ಬಗ್ಗೆ ಜಗಳ ಆಡುವುದು ಬೇಡ. ಟಪಾರಿಯಾ ನಮ್ಮ ಗ್ಯಾರೇಜಿನಲ್ಲಿ ಎಲ್ಲರ ಹತ್ತಿರ ಇದೆ, ಬಾಳಿಕೆ ಬಂದಿದೆ, ಅಷ್ಟು ಹೇಳಬಲ್ಲೆ. ಅಂಗಡಿಗೆ ಹೋಗುವಾಗ ಮೇಸ್ತ್ರಿ ಮೂರು ಹಳೇ ಬೋಲ್ಟ್ ಕೊಟ್ಟರು, ತಲೆಯ ಅಳತೆ 10, 13, 17. ಪ್ಯಾಂಟ್ ಜೇಬಿನಲ್ಲಿ ಹಾಕಿಕೊಂಡು ಹೋದೆ. ಪ್ರತಿ ಸ್ಪ್ಯಾನರನ್ನೂ ಬೋಲ್ಟಿಗೆ ಹಾಕಿ ಅಲ್ಲಾಡಿಸಿ ನೋಡಿದೆ. ಕೆಲವು ಟಕಟಕ ಅಂತ ಆಡುತ್ತಿದ್ದವು. ಅಂಗಡಿಯವರು ಒಂಥರಾ ನೋಡಿದರು. ನೋಡಲಿ ಬಿಡಿ. ಸ್ಪ್ಯಾನರ್ ಮೇಲೆ ಏನು ಬರೆದಿದ್ದರೂ ಕೊನೆಗೆ ಬೋಲ್ಟನ್ನು ಹಿಡಿಯಬೇಕಾದದ್ದು ಅದರ ಬಾಯಿ ತಾನೆ.

ರಿಂಗ್ ಸ್ಪ್ಯಾನರ್ ಬೇಕಾ ಅಂದರೆ ಬೇಕು. ಓಪನ್ ಬಾಯಿ ಬೋಲ್ಟನ್ನು ಎರಡು ಕಡೆ ಮಾತ್ರ ಹಿಡಿಯುತ್ತದೆ. ರಿಂಗ್ ಸುತ್ತಲೂ ಹಿಡಿಯುತ್ತದೆ. ಮೊದಲ ಪಟ್ಟು ರಿಂಗಿನಲ್ಲಿ ಸಡಿಲ ಮಾಡಿ, ಆಮೇಲೆ ಓಪನ್ನಿನಲ್ಲಿ ಬೇಗ ಬಿಚ್ಚಿ. ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಎರಡು ಸ್ಕ್ರೂ ಡ್ರೈವರ್, ಸುತ್ತಿಗೆ, ತಲೆಗೆ ಕಟ್ಟುವ ಟಾರ್ಚ್. ಇವುಗಳ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ.

ಹೇಳಬೇಕಾದದ್ದು ವೋಲ್ಟ್ ಅಳೆಯುವ ಈ ಮಲ್ಟಿಮೀಟರ್ ಬಗ್ಗೆ. ಇಡೀ ರಾಶಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ದುಡಿದದ್ದು ಇದೇ. ಹೋದ ತಿಂಗಳು ಒಬ್ಬರು ಹೊಸ ಬ್ಯಾಟರಿ ಹಾಕಿಸಿದ ಹದಿನೈದೇ ದಿನಕ್ಕೆ ಗಾಡಿಯನ್ನು ತಳ್ಳಿಸಿಕೊಂಡು ಬಂದರು. ಇನ್ನೊಂದು ಬ್ಯಾಟರಿಯಿಂದ ಸ್ಟಾರ್ಟ್ ಮಾಡಿ, ಆ ಜಂಪರ್ ವೈರ್ ಮಾತ್ರ ಬಿಚ್ಚಿ, ಗಾಡಿಯ ಬ್ಯಾಟರಿ ಟರ್ಮಿನಲ್ ಮೇಲೆ ಮೀಟರ್ ಇಟ್ಟೆ. 11.9. ಇಂಜಿನ್ ಓಡುತ್ತಿರುವಾಗ ಅಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. ಅಂದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಹಳೇ ಬ್ಯಾಟರಿ ಸುಮ್ನೆ ಹೋಯಿತು ಪಾಪ. ಗಾಡಿ ರಾತ್ರಿಯಿಡೀ ನಿಂತು, ಬೆಳಗ್ಗೆ 12.6 ತೋರಿಸಿದರೆ ಬ್ಯಾಟರಿ ಫುಲ್ ಇದೆ ಅಂತ ಲೆಕ್ಕ. ಈ ಎರಡು ಅಳತೆ ಬಾಯಿಪಾಠ ಇರಲಿ.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್? ಸದ್ಯಕ್ಕೆ ಬೇಡ. ಬ್ಲೂಟೂತ್‌ನ ಚಿಕ್ಕದೊಂದು ನನ್ನ ಹತ್ತಿರವೂ ಇದೆ. P0301 ಅಂತ ಕೋಡ್ ಬಂದರೆ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಅರ್ಥ. ತಪ್ಪು ಸ್ಪಾರ್ಕ್ ಪ್ಲಗ್ಗಿನದಾ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ಲಿನದಾ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನದಾ, ಅದು ಹೇಳುವುದಿಲ್ಲ. ಒಂದನೇ ಸಿಲಿಂಡರಿನ ಕಾಯಿಲ್ ತೆಗೆದು ಎರಡಕ್ಕೆ ಹಾಕಿ, ಎರಡರದ್ದು ಒಂದಕ್ಕೆ ಹಾಕಿ ಓಡಿಸಿ. ಕೋಡ್ P0302 ಆಗಿ ಬದಲಾದರೆ ಕಾಯಿಲ್ಲೇ ಕಳ್ಳ. ಆ ಕಾಯಿಲ್ ಬಿಚ್ಚಲು ಸಾಮಾನ್ಯವಾಗಿ ಏನು ಬೇಕು ಹೇಳಿ? ಅದೇ 10.

ದುಡ್ಡು ಕಮ್ಮಿ ಇದೆ ಅಂತ ಬಿಡಬಾರದ್ದು ಒಂದಿದೆ. ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಮೈ ತೂರಿಸಬೇಡಿ. ಗಾಡಿಯ ಭಾರ ಹೊರುವ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಹೋಗಿ. ಸ್ಟ್ಯಾಂಡ್ ಇಲ್ಲದ ಗ್ಯಾರೇಜ್ ಆದರೆ ಮೊದಲ ಸಂಬಳದಲ್ಲಿ ನೀವೇ ತಗೊಳ್ಳಿ.

ಇಷ್ಟೇ ಬಿಗಿ ಅಂತ ಅಳತೆ ಇಟ್ಟು ಬೋಲ್ಟ್ ಬಿಗಿಯುವ ಟಾರ್ಕ್ ರೆಂಚ್ ನನ್ನದಲ್ಲ, ಗ್ಯಾರೇಜಿನದ್ದು. ಕೆಲಸ ಆದ ಮೇಲೆ ಸೆಟ್ಟಿಂಗನ್ನು ಕನಿಷ್ಠಕ್ಕೆ ಇಳಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತದೆ. ಇದನ್ನು ಮರೆತು ಎರಡು ಸಲ ಬೈಸಿಕೊಂಡಿದ್ದೇನೆ.

ಈಗ ಟೂಲ್ ಬಾಕ್ಸಿನ ಮುಚ್ಚಳ. ಒಳಗಡೆ ಸೀಮೆಸುಣ್ಣದ ಗೀಟುಗಳು ಕಾಣುತ್ತಿವೆಯಾ? 46 ಪೀಸ್ ಪೆಟ್ಟಿಗೆಯ ಪ್ರಸಂಗ ಆದಮೇಲೆ ಶುರು ಮಾಡಿದ್ದು. ಯಾರ ಹತ್ತಿರವಾದರೂ ಟೂಲ್ ಕೇಳಿ ಇಸ್ಕೊಂಡರೆ ಅದರ ಹೆಸರು ಬರೆದು ಒಂದು ಗೀಟು. ಎರಡನೇ ಗೀಟು ಬಿದ್ದರೆ ಮುಂದಿನ ಸಂಬಳಕ್ಕೆ ಅದನ್ನು ತಗೊಳ್ಳುವುದು. ಮಲ್ಟಿಮೀಟರ್ ಬಂದದ್ದು ಹೀಗೇ. ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ಹೆಸರಿನ ಮುಂದೆ ಎಂಟು ತಿಂಗಳಿಂದ ಒಂದೇ ಗೀಟು, ಹಾಗಾಗಿ ತಗೊಂಡಿಲ್ಲ. ಲಾಕ್ ರಿಂಗ್ ತೆಗೆಯುವ ಸರ್ಕ್ಲಿಪ್ ಪ್ಲೇಯರ್‌ಗೆ ಎರಡನೆಯದು ನಿನ್ನೆ ಬಿತ್ತು.

ಮೇಸ್ತ್ರಿ ಕರೆಯುತ್ತಿದ್ದಾರೆ, ಬೂದುಗುಂಬಳಕಾಯಿ ತರಬೇಕಂತೆ. ಬರುತ್ತೇನೆ.