ಎಲ್ಲಿಗೆ ಬಿಟ್ಟಿದ್ದೆವು?

ನಮಸ್ಕಾರ ಕೇಳುಗರೇ.

ಮೇ ತಿಂಗಳ ಮೂರನೇ ವಾರ ಬಂತೆಂದರೆ ನನ್ನ ಕನಸಿನಲ್ಲಿ ಬೀಗದ ಕೈ ಕಳೆದುಹೋಗುತ್ತದೆ. ಶಾಲೆ ಬಾಗಿಲ ಮುಂದೆ ನಿಂತಿರುತ್ತೇನೆ. ಬೆನ್ನ ಹಿಂದೆ ಮಕ್ಕಳ ಸಾಲು. ಚೀಲವನ್ನೆಲ್ಲ ತಡಕಿದರೂ ಬೀಗದ ಕೈ ಸಿಗುವುದಿಲ್ಲ. ಕೆಲಸಕ್ಕೆ ಸೇರಿ 22 ವರ್ಷವಾಯಿತು, ಕನಸು ಮಾತ್ರ ಬದಲಾಗಿಲ್ಲ. ಎದ್ದ ತಕ್ಷಣ ಮೊಳೆಗೆ ನೇತುಹಾಕಿದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡುತ್ತೇನೆ. ಮನೆಯವರು ನಗುತ್ತಾರೆ. ನಗಲಿ ಬಿಡಿ.

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಐದನೇ ತರಗತಿ, 34 ಮಕ್ಕಳು, ಇಬ್ಬರು ಶಿಕ್ಷಕರು. ನಾಲ್ಕು, ಐದು ನಮ್ಮ ಹೆಡ್‌ಮಾಸ್ಟರ ಪಾಲು. ಒಂದು, ಎರಡು, ಮೂರು ಸೇರಿ ನನ್ನ ಪಾಲು. ಅಂದರೆ ನಲಿಕಲಿ: ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಆಡುತ್ತಾ ಹಾಡುತ್ತಾ ಕಲಿಯುವ ಪದ್ಧತಿ.

ಏಪ್ರಿಲ್ 10ಕ್ಕೆ ಫಲಿತಾಂಶ ಕೊಟ್ಟು ಬೀಗ ಹಾಕಿದರೆ ಸಾಮಾನ್ಯವಾಗಿ ಮತ್ತೆ ತೆಗೆಯುವುದು ಮೇ 29ರ ಹೊತ್ತಿಗೆ. ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಕೇಳುವುದು ಒಂದೇ ಮಾತು: "ಎರಡು ತಿಂಗಳು ರಜ, ಆರಾಮ ಅಲ್ವಾ ಮೇಡಂ?" ಎರಡು ತಿಂಗಳಲ್ಲ ಸ್ವಾಮಿ, 48 ದಿನ. ಅದರಲ್ಲೂ ಕೊನೆಯ ಹತ್ತು ದಿನ ನನ್ನ ಲೆಕ್ಕದಲ್ಲಿ ರಜೆಯೇ ಅಲ್ಲ.

ಮೊದಲು ಕಟ್ಟಡದ ಕಥೆ ಹೇಳುತ್ತೇನೆ. ಮುಚ್ಚಿದ ಶಾಲೆ ಸುಮ್ನೆ ಇರುವುದಿಲ್ಲ. ಕಿಟಕಿ ಮೂಲೆಯಲ್ಲಿ ಕಣಜ ಗೂಡು ಕಟ್ಟಿರುತ್ತದೆ. ಕಾಂಪೌಂಡಿನೊಳಗೆ ಒಡೆದ ಬಾಟಲಿ ಚೂರು, ಇಸ್ಪೀಟು ಎಲೆ. ಚೂರುಗಳನ್ನು ನಾನೇ ಬಗ್ಗಿ ಬಗ್ಗಿ ಆರಿಸುತ್ತೇನೆ, ಯಾಕೆಂದರೆ ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಆಟದ ಹೊತ್ತಿಗೆ ಬರಿಗಾಲು. ಜಗುಲಿಯ ಮೇಲೆ ಊರಿನವರು ಹುಣಸೆಹಣ್ಣು ಒಣಗಿಸಿ, ಕುಟ್ಟಿ, ಬೀಜ ಬಿಡಿಸಿಕೊಂಡು ಹೋಗಿರುತ್ತಾರೆ. ಕಲೆ ಹೋಗಬೇಕಾದರೆ ನೀರು ಸುರಿದು ತೆಂಗಿನ ನಾರಿನಲ್ಲಿ ತಿಕ್ಕಬೇಕು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಅವರು ಬಿಟ್ಟು ಹೋದ ಬೀಜಗಳನ್ನು ಗುಡಿಸಿ, ತೊಳೆದು, ಬಿಸಿಲಿಗೆ ಹಾಕಿ ಡಬ್ಬಕ್ಕೆ ತುಂಬಿಕೊಳ್ಳುತ್ತೇನೆ. ವರ್ಷವೆಲ್ಲ ನಮ್ಮ ಗಣಿತ ನಡೆಯುವುದು ಅದರಲ್ಲೇ. ಕೂಡುವುದು, ಕಳೆಯುವುದು, ಹತ್ತರ ಗುಂಪು ಮಾಡುವುದು, ಎಲ್ಲದಕ್ಕೂ ಹುಣಸೆ ಬೀಜ. ಹಳೇ ಡಬ್ಬ ತೆಗೆದರೆ ಅರ್ಧ ಬೀಜಕ್ಕೆ ಹುಳು ತೂತು ಕೊರೆದು ಪುಡಿ ಮಾಡಿರುತ್ತದೆ. ಆದ್ದರಿಂದ ಪ್ರತಿ ಮೇನಲ್ಲೂ ಹೊಸ ಬೀಜ ಬೇಕೇ ಬೇಕು. ಊರಿನವರ ಹುಣಸೆಹಣ್ಣಿಗೆ ಜಗುಲಿ ಕೊಟ್ಟ ಬಾಡಿಗೆ ಅಂತ ಲೆಕ್ಕ ಹಾಕಿಕೊಂಡಿದ್ದೇನೆ.

ಇನ್ನು ತರಗತಿ ಕೋಣೆ. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಲೇಬೇಕು.

ಕೆಲಸಕ್ಕೆ ಸೇರಿದ ಮೊದಲ ಬೇಸಿಗೆ. ರಜೆಯಲ್ಲೆಲ್ಲ ಕೂತು ಚಾರ್ಟ್ ಬರೆದಿದ್ದೆ. ಹಣ್ಣು, ಹಕ್ಕಿ, ವಾರದ ಹೆಸರು, ಕಾಗುಣಿತ. ಸ್ಕೆಚ್ ಪೆನ್ನಿಗೇ ಸುಮಾರು ದುಡ್ಡು ಹೋಯಿತು. ಶಾಲೆ ಶುರುವಾಗುವ ಹಿಂದಿನ ದಿನ ಗೋಡೆಯ ಸುತ್ತ ಸಾಲಾಗಿ ಅಂಟಿಸಿದೆ. ಕೋಣೆ ಮದುವೆ ಚಪ್ಪರದ ಹಾಗೆ ಕಾಣುತ್ತಿತ್ತು. ಆಗ ಅಲ್ಲಿದ್ದ ಹಿರಿಯ ಟೀಚರ್ ಒಬ್ಬರು ಬಂದು ನೋಡಿ, "ಚೆನ್ನಾಗಿದೆ ಕಣಮ್ಮ. ಈಗ ಒಂದ್ಸಲ ಕೂತ್ಕೊಂಡು ನೋಡು" ಅಂದರು. ಕುರ್ಚಿ ಎಳೆದುಕೊಂಡೆ. "ಅಲ್ಲಲ್ಲ, ಕೆಳಗೆ" ಅಂದರು.

ನೆಲದ ಮೇಲೆ ಕೂತೆ. ಒಂದು ಚಾರ್ಟೂ ಓದುವ ಹಾಗಿರಲಿಲ್ಲ. ಎಲ್ಲವನ್ನೂ ನನ್ನ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೆ. ಆರು ವರ್ಷದ ಮಗು ಕತ್ತೆತ್ತಿ ನೋಡಿದರೆ ಟ್ಯೂಬ್‌ಲೈಟಿನ ಹೊಳಪು ಬಿಟ್ಟು ಇನ್ನೇನೂ ಕಾಣದು. ಕರಿಹಲಗೆಯ ಕೆಳಗಿನ ಅರ್ಧಕ್ಕೆ ನನ್ನ ಮೇಜು ಅಡ್ಡ. ಕಿಟಕಿಯ ಕಡೆಯ ಮೂಲೆಯಲ್ಲಿ ನೆಲ ಕಿತ್ತು ಕಲ್ಲು ಎದ್ದಿತ್ತು, ಅಲ್ಲಿ ಕೂತ ಮಗುವಿಗೆ ಚುಚ್ಚದೆ ಇರುತ್ತದೆಯೇ? ಅವತ್ತು ಸಂಜೆ ಕತ್ತಲಾಗುವವರೆಗೂ ಇಬ್ಬರೂ ಸೇರಿ ಚಾರ್ಟ್ ಕಿತ್ತು ಕೆಳಗೆ ಅಂಟಿಸಿದೆವು. ನಾಲ್ಕು ಹರಿದೂ ಹೋದವು.

ಈಗಲೂ ಕಸ ಹೊಡೆದು ಮುಗಿಸಿದ ಮೇಲೆ ಒಂದು ಸುತ್ತು ನೆಲದಲ್ಲಿ ಕೂರುತ್ತೇನೆ. ನಾಲ್ಕು ಮೂಲೆ, ನಡುವೆ, ಬಾಗಿಲ ಪಕ್ಕ. ಮಂಡಿ ನೋವು ಬಂದಿದೆ, ಏಳುವಾಗ ಗೋಡೆ ಹಿಡಿಯಬೇಕು. ಆದರೂ ಬಿಟ್ಟಿಲ್ಲ.

ನಲಿಕಲಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಶುರುವಾಗಿದ್ದೇ ನಮ್ಮ ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಇಲ್ಲಿಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಕಾರ್ಡು, ಹಾಡು, ಕಲಿಕಾ ಏಣಿ ಮಾಡಿದರು. 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹೋಯಿತು. ಈ ವಿಷಯಕ್ಕೆ ನಮಗೆ ಸ್ವಲ್ಪ ಜಂಬ ಇದೆ, ಮುಚ್ಚಿಡುವುದೇನು.

ಇಲ್ಲಿ ಅಕ್ಷರ ಕಲಿಯುವುದು ಅ ಆ ಇ ಈ ಅಂತ ಅಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ. ಈ ಐದು ಬಂದರೆ ಮಗು ಸರ ಅಂತ ಓದುತ್ತದೆ, ಅಗಸ ಓದುತ್ತದೆ, ಅರಸ ಓದುತ್ತದೆ, ದಸರ ಓದುತ್ತದೆ. ಗರಗಸ ಓದಿದ ದಿನ ಮನೆಗೆ ಓಡಿಹೋಗಿ ಹೇಳುತ್ತದೆ. ಆಮೇಲೆ ಜ, ವ, ಮ, ಬ, ನ. ಹೀಗೆ ಗುಂಪು ಗುಂಪಾಗಿ ಏಣಿ ಹತ್ತುವುದು. ಎಲ್ಲರೂ ಒಟ್ಟಿಗೆ ಹತ್ತಬೇಕೆಂದಿಲ್ಲ. ಒಬ್ಬ ಮೂರನೇ ಮೆಟ್ಟಿಲಲ್ಲಿದ್ದರೆ ಇನ್ನೊಬ್ಬಳು ಒಂಬತ್ತರಲ್ಲಿ. ಯಾರು ಎಲ್ಲಿದ್ದಾರೆ ಅನ್ನುವುದು ಪ್ರಗತಿ ನೋಟದಲ್ಲಿ ಗುರುತಾಗಿರುತ್ತದೆ.

ನನ್ನ ತಯಾರಿಯ ಗಂಟು ಇರುವುದು ಇಲ್ಲೇ. ಹೊಸ ವರ್ಷದ ಮೊದಲ ದಿನ ಯಾವ ಶಿಕ್ಷಕರನ್ನು ಕೇಳಿದರೂ ಒಂದು ಮಾತು ಬಾಯಿಗೆ ಬರುತ್ತದೆ: "ಎಲ್ಲಿಗೆ ಬಿಟ್ಟಿದ್ದೆವು?" ಏಪ್ರಿಲ್‌ನ ಪ್ರಗತಿ ನೋಟ ತೆಗೆದರೆ ಉತ್ತರ ಇದೆ. ಆದರೆ ಆ ಉತ್ತರವನ್ನು ನಂಬಿಕೊಂಡು ಕೂತರೆ ಕೆಟ್ಟೆ. ಏಪ್ರಿಲ್‌ನಲ್ಲಿ ಬಿಟ್ಟ ಜಾಗದಲ್ಲೇ ಮಗು ಇರುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗ. ಏಪ್ರಿಲ್‌ನಲ್ಲಿ 'ವನ' ಅಂತ ಸಲೀಸಾಗಿ ಓದುತ್ತಿದ್ದವನು ಜೂನ್‌ನಲ್ಲಿ ಅದೇ ಕಾರ್ಡ್ ಹಿಡಿದು 'ಮನ' ಅಂದ. ವ ಯಾವುದು, ಮ ಯಾವುದು ಮರೆತಿದ್ದ. ಎರಡೂ ಪದವೇ ಆದ್ದರಿಂದ ಅವನಿಗೆ ತಪ್ಪಿದ್ದೂ ಗೊತ್ತಾಗಲಿಲ್ಲ. ಇದು ಅವನ ದಡ್ಡತನ ಅಲ್ಲ. 48 ದಿನ ಕುರಿ ಹಿಂದೆ ಓಡಾಡಿದ್ದಾನೆ, ಒಂದು ಅಕ್ಷರ ಕಣ್ಣಿಗೆ ಬಿದ್ದಿಲ್ಲ. ಅದೇ ಹುಡುಗ ಏಪ್ರಿಲ್‌ನಲ್ಲಿ ಇಪ್ಪತ್ತರ ಮೇಲೆ ಎಣಿಸಲು ತಡವರಿಸುತ್ತಿದ್ದ. ಜೂನ್‌ನಲ್ಲಿ 43ರವರೆಗೆ ತಪ್ಪಿಲ್ಲದೆ ಎಣಿಸಿದ. ಯಾಕೆ 43 ಅಂತ ಕೇಳಿದೆ. "ನಮ್ಮ ಮಾವನ ಕುರಿ ಅಷ್ಟೇ ಮಿಸ್ ಇರೋದು" ಅಂದ. ಓದಿನಲ್ಲಿ ಎರಡು ಮೆಟ್ಟಿಲು ಇಳಿದಿದ್ದ, ಲೆಕ್ಕದಲ್ಲಿ ನಾಲ್ಕು ಹತ್ತಿದ್ದ. ನನ್ನ ಪ್ರಗತಿ ನೋಟಕ್ಕೆ ಎರಡೂ ಗೊತ್ತಿರಲಿಲ್ಲ.

ಇದಕ್ಕೇ ಸೇತುಬಂಧ ಅಂತ ಇದೆ. ಶಾಲೆ ಶುರುವಾದ ಕೂಡಲೇ ಹೊಸ ಪಾಠಕ್ಕೆ ಕೈಹಾಕದೆ, ಮಕ್ಕಳಿಗೆ ಏನು ಬರುತ್ತದೆ ಅಂತ ಪರೀಕ್ಷೆ ಮಾಡಿ, ಮರೆತದ್ದನ್ನು ಮತ್ತೆ ಕಲಿಸಿ, ಆಮೇಲೆ ಮುಂದೆ ಹೋಗುವುದು. ಒಳ್ಳೆಯ ವ್ಯವಸ್ಥೆ. ಆದರೆ ಅದು ಕಾಗದದ ಕೆಲಸವಾಗಿಬಿಡುವ ಅಪಾಯ ಜಾಸ್ತಿ. ಪರೀಕ್ಷೆ, ಅಂಕ, ನಮೂನೆ, ಫೋಟೋ, ಕಳಿಸಿ ಅಂತ ಮೆಸೇಜು. ಎಲ್ಲ ತುಂಬಿ ಕಳಿಸುತ್ತೇನೆ, ತಪ್ಪಿಸುವುದಿಲ್ಲ. ಜೊತೆಗೆ ನನ್ನದೊಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಒಂದು ಮಗುವಿಗೆ ಎರಡು ಪುಟ. ಅದರಲ್ಲಿ ಅಂಕ ಇರುವುದಿಲ್ಲ. "ವ, ಮ ಅದಲು ಬದಲು. 43 ಕುರಿ." ಇಷ್ಟೇ ಬರೆದಿರುತ್ತೇನೆ.

ಆ ಪುಸ್ತಕದ ಅರ್ಧ ತುಂಬುವುದು ಶಾಲೆ ಶುರುವಾಗುವ ಮೊದಲೇ, ಮನೆಮನೆಗೆ ಹೋದಾಗ. ದಾಖಲಾತಿ ಆಂದೋಲನ ಅಂತ ಹೇಗೂ ಊರು ಸುತ್ತಬೇಕು. ಯಾರ ಮನೆಯಲ್ಲಿ ಒಂದನೇ ತರಗತಿಗೆ ಸೇರುವ ಮಗುವಿದೆ ನೋಡಬೇಕು. ವರ್ಗಾವಣೆ ಪತ್ರ ಇನ್ನೂ ಬಂದಿಲ್ಲ, ಹುಟ್ಟಿದ ದಿನದ ಸರ್ಟಿಫಿಕೇಟ್ ಇಲ್ಲ ಅಂತ ಮನೆಯವರು ಹಿಂಜರಿಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇವು ಕೈಯಲ್ಲಿಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಇದನ್ನು ಕೇಳುತ್ತಿರುವ ತಂದೆ ತಾಯಂದಿರು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಾಗದ ಆಮೇಲೆ ಬರಲಿ, ಮಗುವನ್ನು ಮೊದಲು ಕಳಿಸಿ.

ಮೇ ತಿಂಗಳು ನಮ್ಮ ಕಡೆ ಹೊಗೆಸೊಪ್ಪು ನಾಟಿಯ ಕಾಲ. ಮುಂಗಾರು ಮುಂಚಿನ ಒಂದು ಹದ ಮಳೆ ಬಿದ್ದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ, ಎಲ್ಲ ಹೊಲದಲ್ಲಿ. ಮಕ್ಕಳೂ ಅಲ್ಲೇ, ಸಸಿ ಎತ್ತಿ ಕೊಡುತ್ತಾ. ಹೊಲದ ಬದುವಿನಲ್ಲಿ ನಿಂತೇ ಮಾತಾಡಬೇಕು. ಇನ್ನು ಕೆಲವು ಮನೆಗೆ ಬೀಗ. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿರುತ್ತಾರೆ, ಮಕ್ಕಳನ್ನೂ ಕರೆದುಕೊಂಡು.

ಮೊನ್ನೆ ಹಾಡಿಯ ಕಡೆ, ಅಂದರೆ ಆದಿವಾಸಿಗಳ ಕೇರಿಯ ಕಡೆ ಹೋಗಿದ್ದೆ. ಮೂರನೇ ತರಗತಿಗೆ ಬರಬೇಕಾದ ಒಬ್ಬಳ ಮನೆ. ಬಾಗಿಲು ಹಾಕಿತ್ತು. ಪಕ್ಕದಲ್ಲಿ ಅಜ್ಜಿ ಒಬ್ಬಳೇ ಕೂತು ಪೊರಕೆ ಕಟ್ಟುತ್ತಿದ್ದಳು. "ತೋಟಕ್ಕೆ ಹೋಗವ್ರೆ ಕಣವ್ವ. ಇನ್ನೂ ಹದಿನೈದು ದಿನ ಆಯ್ತದೆ" ಅಂದಳು. ಅಪ್ಪನ ಫೋನ್ ನಂಬರು ಇತ್ತು. ಮೂರು ಸಲ ಮಾಡಿದೆ, ನೆಟ್‌ವರ್ಕ್ ಇಲ್ಲ. ನಾಲ್ಕನೇ ಸಲ ಎತ್ತಿದ್ದು ಆ ಹುಡುಗಿಯೇ. ಸ್ಕೂಲು ಶುರುವಾಗುತ್ತದೆ ಕಣೋ, ಅಪ್ಪನಿಗೆ ಹೇಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಮಿಸ್, ಪಾಯಸ ಯಾವತ್ತು?"

ನಗು ಬಂತು. ಪ್ರಾರಂಭೋತ್ಸವದ ದಿನ ಸಿಹಿ ಮಾಡುತ್ತೇವಲ್ಲ, ಅದು. ತಳಿರು ತೋರಣ, ಹೂವು, ಮಕ್ಕಳ ಮೆರವಣಿಗೆ, ಹೊಸ ಪುಸ್ತಕ, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯವರ ಭಾಷಣ, ಕೊನೆಗೆ ಪಾಯಸ. ಅವಳಿಗೆ ನೆನಪಿದ್ದದ್ದು ಪಾಯಸ. ಅದು ಸರಿಯಾಗಿಯೇ ಇದೆ.

ಈ ಪಾಯಸದಿಂದಲೇ ಅಡುಗೆಮನೆಯ ಕೆಲಸ ನೆನಪಾಯಿತು. ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಲೆಕ್ಕ. ನಮ್ಮ 34 ಮಕ್ಕಳಿಗೆ 3 ಕಿಲೋ 400 ಗ್ರಾಂ. ಏಪ್ರಿಲ್‌ನಲ್ಲಿ ಉಳಿದ ಅಕ್ಕಿ ಮೂಟೆ ಬಿಚ್ಚಿದರೆ ನುಸಿ. ಅದನ್ನು ಬಿಸಿಲಿಗೆ ಹರಡಿ, ಜರಡಿ ಹಿಡಿದು, ಮುಗ್ಗಿದ್ದನ್ನು ಬೇರೆ ತೆಗೆಯಬೇಕು. ನೀರಿನ ತೊಟ್ಟಿ ಉಜ್ಜಿ ತೊಳೆಯಬೇಕು. ಗ್ಯಾಸ್ ಪೈಪನ್ನು ಇಲಿ ಕಡಿದಿದೆಯೇ ನೋಡಬೇಕು. ಈ ಕೆಲಸದಲ್ಲಿ ನನಗಿಂತ ನಮ್ಮ ಅಡುಗೆಯವರು ಚುರುಕು. ಮೂಟೆಗೆ ಕೈ ಹಾಕಿ, ಒಂದು ಹಿಡಿ ಅಕ್ಕಿ ಮೂಸಿ ನೋಡಿ, ಇದು ಆಗ್ತದೆ, ಇದು ಆಗಲ್ಲ ಅಂತ ಹೇಳಿಬಿಡುತ್ತಾರೆ. ನಾನು ಆ ವಿಷಯದಲ್ಲಿ ಬಾಯಿ ಹಾಕುವುದಿಲ್ಲ.

ವಾರ್ಷಿಕ ಯೋಜನೆ, ವೇಳಾಪಟ್ಟಿ, ಹಾಜರಿ ಪುಸ್ತಕಕ್ಕೆ ಗೆರೆ ಹಾಕುವುದು, ಹಳೇ ದಾಖಲೆಗೆ ರಟ್ಟು ಹಾಕುವುದು, ಇದೆಲ್ಲ ಎಲ್ಲ ಶಾಲೆಯಲ್ಲೂ ಇದ್ದದ್ದೇ. ಹೇಳುತ್ತಾ ಕೂತರೆ ನೀವು ರೇಡಿಯೊ ಆಫ್ ಮಾಡುತ್ತೀರಿ. ರೇಡಿಯೊ ಅಂದಾಗ ನೆನಪಾಯಿತು, ನಮ್ಮ ಬೀರುವಿನಲ್ಲೂ ಒಂದಿದೆ. ಮಕ್ಕಳಿಗೆ 'ಚುಕ್ಕಿ ಚಿನ್ನ' ಅನ್ನುವ ರೇಡಿಯೊ ಪಾಠ ಕೇಳಿಸುತ್ತಿದ್ದ ಕಾಲದ್ದು. ಸೆಲ್ ತೆಗೆದಿಡಲು ಮರೆತು ಒಳಗೆಲ್ಲ ಹಸಿರು ಕಿಲುಬು ಹಿಡಿದಿದೆ. ಉಪ್ಪುಕಾಗದದಲ್ಲಿ ಉಜ್ಜಿದ್ದೇನೆ, ನೋಡಬೇಕು.

ನಲಿಕಲಿ ಕೋಣೆಗೆ ಅಡ್ಡಡ್ಡ ದಾರ ಕಟ್ಟುತ್ತೇವೆ. ಅದಕ್ಕೆ ಚಪ್ಪರ ಅಂತ ಹೆಸರು. ಮಕ್ಕಳು ಬರೆದದ್ದು, ಬಿಡಿಸಿದ್ದು ಅದಕ್ಕೆ ನೇತು ಹಾಕುವುದು. ಹಳೇ ಹಾಳೆಗಳನ್ನೆಲ್ಲ ನಿನ್ನೆ ಬಿಚ್ಚಿದೆ. ಕೊಡಗಿಗೆ ಹೋದವಳ ಒಂದು ಚಿತ್ರ ಇತ್ತು. ಮನೆ, ಮರ, ಒಂದು ದೊಡ್ಡ ಪಾತ್ರೆ. ಕೆಳಗೆ ಅವಳ ಹೆಸರು, ಕೊನೆಯ ಅಕ್ಷರ ಜಾಗ ಸಾಲದೆ ಮೇಲಕ್ಕೆ ಹೋಗಿತ್ತು. ಉಳಿದದ್ದನ್ನೆಲ್ಲ ಗಂಟು ಕಟ್ಟಿ ಇಟ್ಟೆ, ಅದೊಂದನ್ನು ವಾಪಸ್ ದಾರಕ್ಕೆ ಸಿಕ್ಕಿಸಿದೆ. ಈ ಸಲ ದಾರವನ್ನೂ ಒಂದು ಗೇಣು ಕೆಳಗೆ ಇಳಿಸಿದ್ದೇನೆ. ನನಗೆ ಓಡಾಡುವಾಗ ತಲೆಗೆ ತಗಲುತ್ತದೆ. ಪರವಾಗಿಲ್ಲ.

ಫೋನಿನಲ್ಲಿ ಅವಳಿಗೆ ಒಂದು ಮಾತು ಕೊಟ್ಟುಬಿಟ್ಟಿದ್ದೇನೆ. ಪ್ರಾರಂಭೋತ್ಸವಕ್ಕೆ ಅವಳು ಬರುವುದಿಲ್ಲ, ಅದು ಗೊತ್ತು. ಬಂದ ದಿನ ಮತ್ತೆ ಪಾಯಸ ಮಾಡಿಸುತ್ತೇನೆ ಅಂದಿದ್ದೇನೆ. ಅಡುಗೆಯವರಿಗೆ ಇನ್ನೂ ಹೇಳಿಲ್ಲ. ನಾಳೆ ಸಂತೆ. ಬೆಲ್ಲ ಎರಡು ಕಿಲೋ ಜಾಸ್ತಿ ತರಬೇಕು, ಇಲಿಗೆ ಸಿಗದ ಡಬ್ಬ ಒಂದು ಹುಡುಕಬೇಕು.

ನಮಸ್ಕಾರ.